ಜಗಳದ ಹೊತ್ತಿನಲ್ಲಿ ಕಲಿಸಲು ಆಗುವುದಿಲ್ಲ, ಟೀಚರ್

ಪ್ರಶ್ನೆ: ನಾನು ಮಲ್ಪೆ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. ಒಂದು, ಎರಡು, ಮೂರನೇ ತರಗತಿಯ 27 ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಎರಡನೇ ತರಗತಿಯ ಒಬ್ಬ ಹುಡುಗ ಆಗಸ್ಟ್‌ನಿಂದ ಈಚೆಗೆ ಮಾತೆತ್ತಿದರೆ ಹೊಡೆಯುತ್ತಾನೆ. ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಾನೆ, ಸಾರಿ ಹೇಳುತ್ತಾನೆ, ಅರ್ಧ ಗಂಟೆಯಲ್ಲಿ ಮತ್ತೆ ಹೊಡೆಯುತ್ತಾನೆ. ಎಷ್ಟು ಬುದ್ಧಿ ಹೇಳಿದರೂ ಅಷ್ಟೆ. ಒಂದನೇ ತರಗತಿಯ ಒಬ್ಬಳು ಹುಡುಗಿ, ಬಾಗಲಕೋಟೆ ಕಡೆಯವಳು, ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ. ತರಬೇತಿಯಲ್ಲಿ ಸಾಮಾಜಿಕ-ಭಾವನಾತ್ಮಕ ಕಲಿಕೆ, ಅಂದರೆ ಭಾವನೆಗಳನ್ನು ಸಂಭಾಳಿಸಲು, ಇತರರೊಡನೆ ಹೊಂದಿಕೊಂಡು ಇರಲು ಕಲಿಸುವುದು ಎಂದು ಹೇಳಿದರು. ಇದಕ್ಕೆ ಬೇರೆ ಪೀರಿಯಡ್ ಇಡಬೇಕಾ? ಓದು ಬರಹ ಹಿಂದೆ ಬೀಳುತ್ತದೆ ಎಂದು ಹೆಡ್‌ಮಾಸ್ಟರ್ ಹೇಳುತ್ತಾರೆ. ಹುಡುಗನ ಅಮ್ಮ "ಎರಡು ಬಿಡಿ ಟೀಚರ್, ಸರಿ ಆಗ್ತಾನೆ" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಒಬ್ಬ ಶಿಕ್ಷಕಿ, ಉಡುಪಿ

ಉತ್ತರ: ಟೀಚರ್, ಮೊದಲು ನಿಮ್ಮ ನೇರ ಪ್ರಶ್ನೆಗೆ ಉತ್ತರ. ಬೇರೆ ಪೀರಿಯಡ್ ಬೇಡ. ಆದರೆ ದಿನಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಕೋಣೆಯಲ್ಲಿ ಯಾರಿಗೂ ಕೋಪ ಬಂದಿರದ, ಯಾರೂ ಅಳುತ್ತಿರದ ಹೊತ್ತಿನದ್ದೇ ಆಗಬೇಕು. ಹೆಚ್ಚಿನ ಶಾಲೆಗಳಲ್ಲಿ ಇದು ತಿರುಗಾಮುರುಗಾ ಆಗಿರುತ್ತದೆ. ಇಡೀ ದಿನ ಇದರ ಸುದ್ದಿಯೇ ಇಲ್ಲ. ಹೊಡೆದಾಟ ಆದ ತಕ್ಷಣ ಪಾಠ ಶುರು. ಆಗ ಹೇಳಿದ್ದರಲ್ಲಿ ಒಂದಕ್ಷರವೂ ಮಗುವಿನ ಒಳಗೆ ಇಳಿಯುವುದಿಲ್ಲ.

ಯಾಕೆ ಅಂತ ನೋಡಿ. ಹೊಡೆಯಬಾರದು ಎನ್ನುವುದು ನಿಮ್ಮ ಹುಡುಗನಿಗೆ ಚೆನ್ನಾಗಿ ಗೊತ್ತಿದೆ. ಗೊತ್ತಿರುವುದಕ್ಕೇ ತಲೆ ತಗ್ಗಿಸುತ್ತಾನೆ. ಕೈ ಏಳುವುದಕ್ಕೂ ಏಟು ಬೀಳುವುದಕ್ಕೂ ನಡುವೆ ಒಂದು ಚೂರು ಹೊತ್ತಿರುತ್ತದೆ. ಆ ಹೊತ್ತನ್ನು ಹಿಡಿದು ನಿಲ್ಲಿಸಲು ಅವನಿಗೆ ಬರುವುದಿಲ್ಲ. ತಡೆದುಕೊಳ್ಳುವುದು, ಕಾಯುವುದು, ಮುಂದೇನು ಆಗುತ್ತದೆ ಎಂದು ಯೋಚಿಸುವುದು ಹಣೆಯ ಹಿಂದೆ ಇರುವ ಮೆದುಳಿನ ಮುಂಭಾಗದ ಕೆಲಸ. ಅದು ಪೂರ್ತಿ ಬೆಳೆಯಲು ಸುಮಾರು 25 ವರ್ಷ ಬೇಕು. ಏಳು ವರ್ಷದವನಲ್ಲಿ ಅದಿನ್ನೂ ಎಳಸು. ಕೋಪವೋ ಹೆದರಿಕೆಯೋ ಬಂದಾಗ ಎದೆ ಬಡಿತ ಏರುತ್ತದೆ, ಮೈ ಬಿಗಿಯುತ್ತದೆ, ಇದ್ದ ಹಿಡಿತವೂ ಸಡಿಲವಾಗುತ್ತದೆ. ಆಗ ಮಗು ಮಾಡುವುದು ಮೊದಲೇ ರೂಢಿಯಾಗಿದ್ದನ್ನು ಮಾತ್ರ. ಯಕ್ಷಗಾನ ಕಲಿಯುವ ಮಕ್ಕಳು ರಂಗಸ್ಥಳಕ್ಕೆ ಬಂದ ಮೇಲೆ ಹೆಜ್ಜೆ ಕಲಿಯುವುದಿಲ್ಲ ಅಲ್ವಾ? ತಿಂಗಳುಗಟ್ಟಲೆ ತಾಳ ಹಾಕಿ ಕುಣಿದು ಕಾಲಿಗೆ ಬಂದ ಮೇಲೆ ವೇಷ ಕಟ್ಟುತ್ತಾರೆ. ಸಿಟ್ಟನ್ನು ಸಂಭಾಳಿಸುವುದೂ ಹೀಗೇ ಮೈಗೆ ಬರಬೇಕಾದ ವಿದ್ಯೆ.

ನಿಮ್ಮ ಕೋಣೆಯಲ್ಲಿ ಹವಾಮಾನ ನಕ್ಷೆ ಇದ್ದೇ ಇರುತ್ತದೆ. ಮಕ್ಕಳು ಬೆಳಿಗ್ಗೆ ಬಂದು ಬಿಸಿಲಾ, ಮೋಡವಾ, ಮಳೆಯಾ ಎಂದು ಗುರುತು ಮಾಡುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ರಟ್ಟು ತೂಗು ಹಾಕಿ. ಖುಷಿ, ಬೇಜಾರು, ಕೋಪ, ಹೆದರಿಕೆ – ಈ ನಾಲ್ಕು ಮುಖ ಸಾಕು. ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ಒಬ್ಬೊಬ್ಬರ ಹೆಸರು ಬರೆಯಿರಿ. ಒಳಗೆ ಬಂದ ಮಗು ತನ್ನ ಕ್ಲಿಪ್ಪನ್ನು ಒಂದು ಮುಖಕ್ಕೆ ಸಿಕ್ಕಿಸಿ ಕೂರಲಿ. ಐದನೆಯದಾಗಿ ಒಂದು ಖಾಲಿ ಜಾಗವೂ ಇರಲಿ, "ಈಗ ಹೇಳುವುದಿಲ್ಲ" ಎನ್ನುವವರಿಗೆ. ಇದು ತುಂಬಾ ಮುಖ್ಯ. ಯಾಕೆ ಬೇಜಾರು ಎಂದು ಎಲ್ಲರೆದುರು ಕೇಳಬೇಡಿ. ಮನೆಯ ವಿಷಯ 26 ಮಕ್ಕಳ ಮುಂದೆ ಹೊರಗೆ ಬಂದರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ, ಆ ಮಗು ಮತ್ತೆ ಯಾವತ್ತೂ ಬಾಯಿ ಬಿಡುವುದಿಲ್ಲ. ಹಾಜರಿ ಹಾಕುವಾಗ ನೀವು ರಟ್ಟಿನ ಮೇಲೆ ಕಣ್ಣಾಡಿಸಿ. ಕೋಪದ ಮುಖದಲ್ಲಿ ಯಾರ ಕ್ಲಿಪ್ಪು ಇದೆಯೋ ಅವರ ಹತ್ತಿರ ಹೋಗಿ ಭುಜ ಮುಟ್ಟಿ, "ನೋಡಿದೆ" ಅನ್ನಿ. ಅಷ್ಟು ಸಾಕು.

ಭಾವನೆಗೆ ಹೆಸರು ಹೇಳುವುದರಿಂದ ನಿಜವಾಗಿ ಏನಾದರೂ ಆಗುತ್ತದಾ ಎಂದು ನೀವು ಕೇಳಬಹುದು. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕೆಲವರಿಗೆ ಕೋಪದ, ಹೆದರಿಕೆಯ ಮುಖಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದ್ದರು. ಆ ಭಾವನೆಯ ಹೆಸರನ್ನು ಆರಿಸಿ ಹೇಳುವಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾಗಿತ್ತು. ಅದು ದೊಡ್ಡವರ ಮೇಲೆ ನಡೆದ ಅಧ್ಯಯನ. ಆದರೆ ಚಿಕ್ಕವರೊಂದಿಗೆ ದಿನವೂ ಇರುವ ನಿಮಗೆ ಇದು ಕಣ್ಣಿಗೇ ಕಾಣಿಸುತ್ತದೆ. "ನಂಗೆ ಕೋಪ ಬಂತು" ಎಂದು ಬಾಯಲ್ಲಿ ಹೇಳಲು ಬರುವ ಮಗು ಅದನ್ನು ಕೈಯಲ್ಲಿ ಹೇಳುವುದು ಕಡಿಮೆ.

ಆದರೆ ಯಾವ ಭಾಷೆಯಲ್ಲಿ ಹೇಳಬೇಕು? ನಿಮ್ಮ ಕೋಣೆಯಲ್ಲಿ ತುಳು ಇದೆ, ಕೊಂಕಣಿಯೋ ಬ್ಯಾರಿಯೋ ಇರಬಹುದು, ಬಾಗಲಕೋಟೆಯ ಕನ್ನಡವೂ ಇದೆ. ಆರು ವರ್ಷದ ಮಗುವಿಗೆ ಪಾಠದ ಕನ್ನಡ ಓದಿಗೆ ಸಾಲಬಹುದು, ಅಳುವಿಗೆ ಸಾಲುವುದಿಲ್ಲ. ಕೆಲವು ಮಕ್ಕಳಿಗೆ "ಹೆದರಿಕೆ" ಅಂದರೆ ಅದು ಪುಸ್ತಕದ ಮಾತು. ತುಳುವಿನಲ್ಲಿ "ಪೋಡಿಗೆ" ಅಂದ ಕೂಡಲೇ ಕಣ್ಣು ಅಗಲವಾಗುತ್ತದೆ. ಉತ್ತರ ಕರ್ನಾಟಕದ ಮಗುವಿಗೆ ಅದೇ "ಅಂಜಿಕಿ". ಹಾಗಾಗಿ ರಟ್ಟಿನ ಪ್ರತಿ ಮುಖದ ಕೆಳಗೆ ಮಕ್ಕಳ ಮನೆಯಲ್ಲಿ ಆಡುವ ಶಬ್ದಗಳನ್ನೆಲ್ಲ ಬರೆಯಿರಿ. "ನಿಮ್ಮ ಮನೆಯಲ್ಲಿ ಇದಕ್ಕೆ ಎಂತ ಹೇಳ್ತಾರೆ?" ಎಂದು ಅವರನ್ನೇ ಕೇಳಿ ಬರೆದರೆ ಅದೇ ಒಂದು ಒಳ್ಳೆಯ ಭಾಷಾ ಚಟುವಟಿಕೆ ಆಗುತ್ತದೆ.

ಹೆಸರು ಬಂದ ಮೇಲೆ ಮೈಯ ಗುರುತು. "ಕೋಪ ಬರುವಾಗ ನಿನಗೆ ಎಲ್ಲಿ ಗೊತ್ತಾಗ್ತದೆ?" ಎಂದು ಕೇಳಿ ನೋಡಿ. "ಕಿವಿ ಬಿಸಿ ಆಗ್ತದೆ ಟೀಚರ್", "ಹಲ್ಲು ಕಚ್ಚಿ ಹೋಗ್ತದೆ", "ಹೊಟ್ಟೆಯಲ್ಲಿ ಗುಡುಗುಡು ಆಗ್ತದೆ" – ಇಂಥ ಉತ್ತರ ಬರುತ್ತವೆ. ಒಬ್ಬೊಬ್ಬರದು ಒಂದೊಂದು. ನಿಮ್ಮ ಹುಡುಗನದು ಯಾವುದು ಎಂದು ನಿಮಗೆ ಗೊತ್ತಾದರೆ ಅರ್ಧ ಗೆದ್ದಂತೆ. ಏಟು ಬೀಳುವುದಕ್ಕೆ ಮೊದಲೇ ನೀವು ಹಿಡಿಯಬಹುದು. ಕೆಲವು ವಾರ ಕಳೆದರೆ ಅವನೇ ಹಿಡಿಯಬಹುದು.

ಹಿಡಿದ ಮೇಲೆ ಏನು ಮಾಡಬೇಕು? ಇದಕ್ಕೆ ಆಮೆಯ ಉಪಾಯ ಎಂದು ಒಂದಿದೆ. 1970ರ ದಶಕದಲ್ಲಿ ಅಮೆರಿಕದ ತರಗತಿಗಳಲ್ಲಿ ಶುರುವಾದದ್ದು, ಇವತ್ತಿಗೂ ಚಿಕ್ಕ ಮಕ್ಕಳ ಜೊತೆ ಇದನ್ನು ಬಳಸುತ್ತಾರೆ. ಒಂದು ಪುಟ್ಟ ಆಮೆಗೆ ಬೇಗ ಕೋಪ ಬರುತ್ತಿತ್ತು, ಎಲ್ಲರೊಡನೆ ಜಗಳ ಆಡುತ್ತಿತ್ತು. ಒಂದು ಮುದಿ ಆಮೆ ಅದಕ್ಕೆ, ನಿನ್ನ ಬೆನ್ನ ಮೇಲೇ ಮನೆ ಇದೆಯಲ್ಲ, ಕೋಪ ಬಂದಾಗ ಒಳಗೆ ಹೋಗಿ ಮೂರು ಸಲ ಉಸಿರು ಬಿಟ್ಟು ಹೊರಗೆ ಬಾ ಎಂದಿತು. ಕತೆ ಇಷ್ಟೆ. ಮಕ್ಕಳು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, ಗಲ್ಲ ಕೆಳಗೆ ಮಾಡಿ, ಮೂಗಿನಿಂದ ಉಸಿರು ಎಳೆದು ಬಾಯಿಂದ ನಿಧಾನವಾಗಿ ಬಿಡಬೇಕು. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಉಸಿರು ಹೊರಗೆ ಹೋಗುವಾಗಲೇ ಎದೆ ಬಡಿತ ಇಳಿಯುವುದು. ಕೈ ಕಟ್ಟಿದ್ದರಿಂದ ಹೊಡೆಯಲೂ ಆಗುವುದಿಲ್ಲ ನೋಡಿ, ಉಪಾಯದ ಜಾಣತನ ಇರುವುದು ಅಲ್ಲೇ. ಆದರೆ ನಿಮ್ಮ ಊರಿನಲ್ಲಿ ಇದನ್ನು ಕೆರೆಯ ಆಮೆ ಎಂದೇ ಹೇಳಿ. ನಮ್ಮ ತೀರಕ್ಕೆ ಮೊಟ್ಟೆ ಇಡಲು ಬರುವ ಕಡಲಾಮೆಗೆ ತಲೆಯನ್ನು ಚಿಪ್ಪಿನ ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಮೀನುಗಾರರ ಮನೆಯ ಮಕ್ಕಳು ಇದನ್ನು ತಕ್ಷಣ ಹಿಡಿಯುತ್ತಾರೆ. ಕತೆಯಲ್ಲಿ ಒಂದು ತಪ್ಪು ಸಿಕ್ಕಿದರೆ ಉಪಾಯದ ಮೇಲೂ ನಂಬಿಕೆ ಹೋಗುತ್ತದೆ.

ಇದನ್ನು ದಿನಕ್ಕೆ ಒಮ್ಮೆ ಎಲ್ಲರೂ ಸೇರಿ ಮಾಡಿ. ಪ್ರಾರ್ಥನೆ ಮುಗಿದ ಮೇಲೆ ಆಗಬಹುದು, ಬಿಸಿಯೂಟಕ್ಕೆ ಕೈ ತೊಳೆಯಲು ಹೋಗುವ ಮೊದಲು ಆಗಬಹುದು. ಯಾರಿಗೂ ಕೋಪ ಇಲ್ಲದಾಗ ಮಾಡಿದರೆ ಮಾತ್ರ ಕೋಪ ಬಂದಾಗ ಅದು ಕೈಗೆ ಸಿಗುತ್ತದೆ. ಹುಡುಗನೊಬ್ಬನಿಂದಲೇ ಮಾಡಿಸಬೇಡಿ, ಅದು ಶಿಕ್ಷೆಯಾಗಿಬಿಡುತ್ತದೆ. ಇನ್ನೊಂದು ಮಾತು. ಕೋಪ ಹೊರಗೆ ಹೋಗಲಿ, ದಿಂಬಿಗೆ ಹೊಡಿ, ಕಾಗದ ಹರಿ ಎಂದು ಹೇಳುವವರಿದ್ದಾರೆ. ಅದನ್ನು ಮಾತ್ರ ಕಲಿಸಬೇಡಿ. ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಗುದ್ದುವ ಚೀಲಕ್ಕೆ ಹೊಡೆದವರ ಕೋಪ ಇಳಿಯುವ ಬದಲು ಏರಿತ್ತು ಎಂದು 2002ರ ಒಂದು ಪ್ರಯೋಗದಲ್ಲಿ ಕಂಡಿದೆ. ಹೊಡೆದು ಹೊಡೆದು ಬರುವುದು ಹೊಡೆಯುವ ರೂಢಿಯೇ.

ಈಗ ಎಲ್ಲಕ್ಕಿಂತ ಮುಖ್ಯವಾದ ಭಾಗ, ನಾಟಕ. ವಾರಕ್ಕೆ ಎರಡು ಸಲ, ಹತ್ತೇ ನಿಮಿಷ. ನಿಮ್ಮ ಕೋಣೆಯಲ್ಲಿ ನಿಜವಾಗಿ ಆಗುವ ಜಗಳವನ್ನೇ ಆರಿಸಿ, ಆದರೆ ಅದೇ ದಿನ ಆದದ್ದು ಬೇಡ, ಹೆಸರೂ ಬೇಡ. ಕೋಪ ಬರುವ ಪಾತ್ರ ನೀವೇ ಮಾಡಿ. ಒಂದು ಹಾಳೆ, ಒಂದೇ ಒಂದು ನೀಲಿ ಕ್ರೇಯಾನ್ ತೆಗೆದುಕೊಂಡು ಮಕ್ಕಳ ನಡುವೆ ನೆಲದ ಮೇಲೆ ಕೂತುಕೊಳ್ಳಿ. ಮೂರನೇ ತರಗತಿಯ ಒಬ್ಬಳಿಗೆ ಮೊದಲೇ ಹೇಳಿಡಿ, ಬಂದು ಎಳೆದುಕೊಳ್ಳಲಿ. ಅವಳು ಎಳೆದ ಕೂಡಲೇ ನೀವು ನಿಲ್ಲಿಸಿ, ಜೋರಾಗಿ ಯೋಚಿಸಿ. "ನಾನು ಸಮುದ್ರಕ್ಕೆ ಬಣ್ಣ ಹಾಕ್ತಾ ಇದ್ದೆ. ಇವಳು ಎಳೆದುಕೊಂಡಳು. ನನ್ನ ಕಿವಿ ಬಿಸಿ ಆಯ್ತು. ನೋಡಿ, ಕೈ ಮುಷ್ಟಿ ಆಯ್ತು. ನಾನೀಗ ಎಂತ ಮಾಡಬಹುದು?"

"ಹೊಡೀಬಹುದು!" ಎಂದು ಒಬ್ಬ ಕೂಗಿಯೇ ಕೂಗುತ್ತಾನೆ. ಅವನನ್ನು ಗದರಬೇಡಿ. ಅದೂ ಒಂದು ಉತ್ತರವೇ, ನಿಮ್ಮ ಹುಡುಗನ ಮನಸ್ಸಿನಲ್ಲಿರುವುದೂ ಅದೇ. "ಸರಿ, ಹೊಡೆದೆ ಅಂತ ಇಟ್ಟುಕೊಳ್ಳುವ. ಮತ್ತೆ ಎಂತ ಆಗ್ತದೆ?"

"ಅವಳು ವಾಪಸ್ ಹೊಡೀತಾಳೆ."

"ಕ್ರೇಯಾನ್ ತುಂಡಾಗ್ತದೆ."

"ಟೀಚರ್ ಇಬ್ಬರಿಗೂ ಬೈತಾರೆ."

"ಸಮುದ್ರ ಮುಗೀತದಾ?" ಎಂದು ಕೇಳಿ. ಮುಗಿಯುವುದಿಲ್ಲ ಎಂದು ಅವರೇ ಹೇಳುತ್ತಾರೆ. ಆಗ ಆಮೆ ಮಾಡಿ ತೋರಿಸಿ, ಮೂರು ಉಸಿರು ಬಿಟ್ಟು ಹೊರಗೆ ಬನ್ನಿ, ಒಂದೇ ಒಂದು ವಾಕ್ಯ ಹೇಳಿ. "ನಂಗೆ ಕೋಪ ಬಂತು. ನಾನು ಮುಗಿಸಿ ಕೊಡ್ತೇನೆ." ಈ ವಾಕ್ಯವನ್ನು 27 ಮಕ್ಕಳೂ ಬಾಯಿಬಿಟ್ಟು ಹೇಳಬೇಕು, ಗಟ್ಟಿ ದನಿಯಲ್ಲಿ. ಆಮೇಲೆ ಇಬ್ಬಿಬ್ಬರಾಗಿ ಎದುರು ಬದುರು ಕೂತು ಆಡಿ ನೋಡಲಿ. ಒಂದು ಎಚ್ಚರ ಇರಲಿ. ಎಳೆಯುವುದನ್ನು, ಹೊಡೆಯುವುದನ್ನು ಮಕ್ಕಳಿಂದ ಮತ್ತೆ ಮತ್ತೆ ಆಡಿಸಬೇಡಿ. ತಪ್ಪು ದಾರಿಯನ್ನು ನೀವು ಒಮ್ಮೆ ತೋರಿಸಿದರೆ ಸಾಕು, ಅವರು ಆಡುವುದು ಸರಿ ದಾರಿಯನ್ನು ಮಾತ್ರ. ಇಲ್ಲದಿದ್ದರೆ ಅವರಿಗೆ ಮಜಾ ಬರುವುದು ಹೊಡೆಯುವುದರಲ್ಲೇ, ನೀವು ಕಲಿಸಿದ್ದೂ ಅದೇ ಆಗುತ್ತದೆ.

ಮುಂದಿನ ಸಲ ಎಳೆದವಳ ಕಡೆಯಿಂದ ಆಡಿ. ಅವಳಿಗೆ ನಿಜವಾಗಿ ನೀಲಿ ಬೇಕಿತ್ತು. ಕೇಳುವುದು ಹೇಗೆ? "ನಿನ್ನದು ಆದ ಮೇಲೆ ನಂಗೆ ಕೊಡ್ತೀಯಾ?" ಆ ಕಡೆಯಿಂದ "ಇಲ್ಲ" ಅಂದರೆ? ಇದನ್ನು ಯಾರೂ ಕಲಿಸುವುದಿಲ್ಲ. ಕೇಳಿದರೆ ಸಿಗುತ್ತದೆ ಎಂದು ಕಲಿಸುತ್ತೇವೆ, ಸಿಗದಿದ್ದರೆ ಏನು ಮಾಡಬೇಕು ಎನ್ನುವಲ್ಲಿ ಮಗುವನ್ನು ಒಂಟಿ ಬಿಡುತ್ತೇವೆ. ಹೆಚ್ಚಿನ ಏಟು ಬೀಳುವುದು ಈ "ಇಲ್ಲ" ಆದ ಮೇಲೆ. ಹಾಗಾಗಿ ಮುಂದಿನ ಹೆಜ್ಜೆಯನ್ನೂ ಆಡಿಸಿ. ಬೇರೆ ಬಣ್ಣ ಹುಡುಕಬಹುದು, ಕಾಯಬಹುದು, ಟೀಚರ್ ಹತ್ತಿರ ಬರಬಹುದು. ಟೀಚರ್ ಹತ್ತಿರ ಬಂದ ಮಗುವಿಗೆ "ಚಾಡಿ ಹೇಳಬೇಡ" ಅಂದರೆ ಮಾತ್ರ ಮುಗಿಯಿತು. ಹೊಡೆಯದೆ ನಿಮ್ಮ ಹತ್ತಿರ ಬಂದಿದೆ, ಅದೇ ದೊಡ್ಡದು. "ನೀನು ಹೊಡೆಯಲಿಲ್ಲ, ಬಂದು ಹೇಳಿದೆ" ಎಂದು ಹೇಳಿ. ಬರೀ "ಗುಡ್ ಬಾಯ್" ಅಂದರೆ ತಾನು ಮಾಡಿದ್ದರಲ್ಲಿ ಯಾವುದು ಒಳ್ಳೆಯದು ಎಂದು ಮಗುವಿಗೆ ತಿಳಿಯುವುದಿಲ್ಲ.

ಸ್ಟಾರ್ ಅಂಟಿಸುವ ಚಾರ್ಟಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. 1973ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಆಸೆ ತೋರಿಸಿದ ಪುಟ್ಟ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬಿಡಿಸುವುದನ್ನು ಕಡಿಮೆ ಮಾಡಿದ್ದರು. ಸ್ನೇಹಕ್ಕೂ ಅದೇ ಗತಿ ಆಗುವುದು ಬೇಡ. ಅಲ್ಲದೆ ಚಾರ್ಟಿನಲ್ಲಿ ಯಾವಾಗಲೂ ಖಾಲಿ ಉಳಿಯುವ ಸಾಲು ಯಾರದ್ದೆಂದು ನಿಮಗೂ ಗೊತ್ತು, ಅವನಿಗೂ ಗೊತ್ತು.

ಆಟಗಳನ್ನು ಬಿಡಬೇಡಿ. ತಡೆದುಕೊಳ್ಳುವ ಶಕ್ತಿ ಬೆಳೆಯುವುದು ಆಟದಲ್ಲೇ ಬೇಗ. ಚೆಂಡೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಕೆಟು ಬೋರಲು ಹಾಕಿ ಬಾರಿಸಿ. ಜೋರು ಬಾರಿಸಿದರೆ ಬೇಗ ನಡೆಯಬೇಕು, ಮೆಲ್ಲ ಬಾರಿಸಿದರೆ ನಿಧಾನ ನಡೆಯಬೇಕು, ನಿಲ್ಲಿಸಿದರೆ ಇದ್ದಲ್ಲೇ ಗೊಂಬೆ. ಇದು ರೂಢಿಯಾದ ಮೇಲೆ ನಿಯಮ ಉಲ್ಟಾ ಮಾಡಿ. ಜೋರು ಬಾರಿಸಿದರೆ ನಿಧಾನ, ಮೆಲ್ಲ ಬಾರಿಸಿದರೆ ಬೇಗ. ಕಾಲು ಒಂದು ಕಡೆ ಎಳೆಯುತ್ತದೆ, ತಲೆ ಇನ್ನೊಂದು ಹೇಳುತ್ತದೆ. ಆ ಎಳೆತವನ್ನು ಗೆಲ್ಲುವುದೇ ಅಭ್ಯಾಸ. ಅಮೆರಿಕದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದವರು ಇಂಥದ್ದೇ ಆಟಗಳನ್ನು ಶಾಲೆಗೆ ಸೇರುವ ಮೊದಲಿನ ಮಕ್ಕಳಿಗೆ ಆಡಿಸಿ ನೋಡಿದ್ದಾರೆ. ಮೊದಲು ತೀರಾ ಹಿಂದಿದ್ದ ಮಕ್ಕಳಿಗೇ ಅದರಿಂದ ಲಾಭವಾಗಿತ್ತು.

ಕಾಯುವುದನ್ನು ಕಲಿಸಲು ನಮ್ಮ ಚೆನ್ನೆಮಣೆಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. 14 ಗುಳಿ, ಗುಳಿಗೆ ನಾಲ್ಕು ಕಾಳು, ಇಬ್ಬರೇ ಆಟಗಾರರು. ಎದುರಿನವನು ಕಾಳು ಹಂಚಿ ಮುಗಿಸುವ ತನಕ ಕೈ ಮಡಿಲಲ್ಲೇ ಇರಬೇಕು. ಎಣಿಕೆಯೂ ಆಯಿತು, ನಿಮ್ಮ ಹೆಡ್‌ಮಾಸ್ಟರಿಗೆ ಗಣಿತ ಎಂದೇ ತೋರಿಸಬಹುದು. ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಆಡುವ ಆಟ ನಿಜ, ಶಾಲೆಯಲ್ಲಿ ವರ್ಷವಿಡೀ ಆಡಿಸಿ. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿದರೂ ಆಗುತ್ತದೆ. ಸೋತವರು ಏನು ಹೇಳಬೇಕು ಎನ್ನುವುದನ್ನು ಆಟ ಶುರುವಾಗುವ ಮೊದಲೇ ಹೇಳಿಕೊಟ್ಟಿರಿ. "ಇನ್ನೊಂದು ಆಟ ಆಡುವಾ?" ಅಷ್ಟೇ.

ಇಷ್ಟೆಲ್ಲ ಮಾಡಿದರೂ ಹೊಡೆದಾಟ ಆಗುತ್ತದೆ. ಆಗ ಏನು ಮಾಡಬೇಕು ಎಂದರೆ, ಕಡಿಮೆ ಮಾತಾಡಬೇಕು. ಇಬ್ಬರ ನಡುವೆ ಹೋಗಿ ನಿಲ್ಲಿ, ದನಿ ಏರಿಸಬೇಡಿ. "ನಿಲ್ಲು. ಹೊಡೆಯಲು ಬಿಡುವುದಿಲ್ಲ." ಮೊದಲು ಪೆಟ್ಟು ತಿಂದ ಮಗುವನ್ನು ನೋಡಿ. ಹೊಡೆದವನಿಗೆ ಕೋಣೆಯಲ್ಲಿ ಒಂದು ಚಾಪೆಯ ಜಾಗ ಇರಲಿ, ಆಮೆ ಜಾಗ. ಅದು ಎಲ್ಲರಿಗೂ ಇರುವುದು, ಯಾರು ಬೇಕಾದರೂ ಹೋಗಿ ಕೂರಬಹುದು, ಸಾಕಾದಾಗ ಎದ್ದು ಬರಬಹುದು. ಒಂದು ಸಲ "ನಡಿ, ಆಮೆ ಜಾಗಕ್ಕೆ!" ಎಂದು ಗದರಿ ಕಳಿಸಿದಿರೋ, ಅದು ಶಿಕ್ಷೆಯ ಮೂಲೆ ಆಯಿತು. ಉಸಿರು ಸಮಕ್ಕೆ ಬರಲಿ, ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಪಕ್ಕದಲ್ಲಿ ಕೂತು ಕೇಳಿ. ಎಂತ ಆಯ್ತು? ನಿನಗೆ ಎಂತ ಅನಿಸ್ತು? ಈಗ ಸರಿ ಮಾಡಲು ಎಂತ ಮಾಡ್ತೀಯಾ?

"ಯಾಕೆ ಹೊಡೆದೆ?" ಎಂದು ಕೇಳಬೇಡಿ. ಏಳು ವರ್ಷದವನಿಗೆ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ. ಸಾರಿ ಹೇಳಿಸುವುದನ್ನೂ ಬಿಡಿ. ನಿಮ್ಮ ಹುಡುಗ ಅದನ್ನು ಪರವಾನಗಿ ಮಾಡಿಕೊಂಡಿದ್ದಾನೆ, ಹೇಳಿದರೆ ಮುಗಿಯಿತು. ಅದರ ಬದಲು ಸರಿಪಡಿಸುವ ಕೆಲಸ ಕೊಡಿ. ಬಿದ್ದ ಸ್ಲೇಟು ಹೆಕ್ಕಿ ಕೊಡಲಿ, ಹರಿದ ಹಾಳೆಗೆ ಟೇಪ್ ಹಚ್ಚಲಿ, ಪೆಟ್ಟಾದವಳಿಗೆ ನೀರು ತಂದು ಕೊಡಲಿ. ಸಾರಿ ಒಳಗಿನಿಂದ ಬಂದರೆ ಬರಲಿ.

ಜಗಳ ಎಲ್ಲಿ ಆಗುತ್ತದೆ ಎನ್ನುವುದನ್ನೂ ಗಮನಿಸಿ. ನಲಿ-ಕಲಿಯಲ್ಲಿ ಮಕ್ಕಳು ಗುಂಪಾಗಿ ಕೂರುವ ಐದು ಜಾಗಗಳಿಗೆ ತಟ್ಟೆ ಅನ್ನುತ್ತೇವೆ, ಅದರಲ್ಲಿ ನೀವು ಕೂರುವುದು ಶಿಕ್ಷಕರ ನೆರವು ಬೇಕಾದ ತಟ್ಟೆಯಲ್ಲಿ. ಗೆಳೆಯರ ನೆರವಿನ ತಟ್ಟೆ ನಿಮ್ಮ ಬೆನ್ನ ಹಿಂದೆ ಇರುತ್ತದೆ. ಅಲ್ಲಿ ಒಬ್ಬರಿಗೊಬ್ಬರು ಕಲಿಸಬೇಕು, ಕಾರ್ಡು ಹಂಚಿಕೊಳ್ಳಬೇಕು. ಕೇಳುವುದು, ಕೊಡುವುದು, ಕಾಯುವುದು ಬಾರದ ಮಕ್ಕಳಿಗೆ ಅದು ಕಷ್ಟದ ಜಾಗ. ನಿಮ್ಮ ಮುಖ ಆ ಕಡೆ ಇರುವಂತೆ ಕೂರುವ ಜಾಗ ಬದಲಿಸಿ. ಕೈ ತೊಳೆಯುವ ನಳ್ಳಿಯ ಹತ್ತಿರ ನೂಕಾಟ ಜಾಸ್ತಿಯಾದರೆ ಐದೈದು ಮಕ್ಕಳನ್ನೇ ಕಳಿಸಿ. ಎಷ್ಟೋ ಜಗಳಗಳಿಗೆ ಮಕ್ಕಳ ಸ್ವಭಾವ ಕಾರಣವಲ್ಲ. ಜಾಗ ಸಾಲದಿರುತ್ತದೆ, ಹೊಟ್ಟೆ ಹಸಿದಿರುತ್ತದೆ. ಬಿಸಿಯೂಟಕ್ಕೆ ಮೊದಲಿನ ಅರ್ಧ ಗಂಟೆಯಲ್ಲಿ ಕಠಿಣ ಕಲಿಕೆ ಇಡಬೇಡಿ.

ಇನ್ನು ಆ ಹುಡುಗ. ನಿಮ್ಮ ಪತ್ರದಲ್ಲಿ "ಆಗಸ್ಟ್‌ನಿಂದ ಈಚೆಗೆ" ಎಂದು ಬರೆದಿದ್ದೀರಿ. ನಾನು ಅಲ್ಲೇ ನಿಂತೆ. ಅವನ ಅಪ್ಪ ಬೋಟಿಗೆ ಹೋಗುವವರಾ? ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ಆ ಎರಡು ತಿಂಗಳು ಅಪ್ಪ ಮನೆಯಲ್ಲೇ ಇರುತ್ತಾರೆ. ಮಗು ಶಾಲೆಗೆ ಹೋಗುವಾಗ, ಬರುವಾಗ ಅಪ್ಪ ಕಾಣಿಸುತ್ತಾರೆ. ಆಗಸ್ಟ್ ಬಂದ ಕೂಡಲೇ ಬೋಟು ಇಳಿಯುತ್ತದೆ. ಆಳ ಸಮುದ್ರದ ಬೋಟಾದರೆ ಒಂದು ಸಲ ಹೋದವರು ವಾರ, ಹತ್ತು ದಿನ ಮನೆ ಕಡೆ ಬರುವುದಿಲ್ಲ. ಮಳೆ, ಗಾಳಿಯ ಸುದ್ದಿ ಬಂದಾಗ ಮನೆಯಲ್ಲಿ ದೊಡ್ಡವರ ಮುಖ ಹೇಗಿರುತ್ತದೆ ಎನ್ನುವುದನ್ನೂ ಮಗು ನೋಡುತ್ತದೆ. ಹೆದರಿಕೆಯನ್ನು ಹೇಳಲು ಬಾರದ ಗಂಡು ಮಕ್ಕಳಲ್ಲಿ ಅದು ಎಷ್ಟೋ ಸಲ ಕೋಪವಾಗಿ ಹೊರಗೆ ಬರುತ್ತದೆ. ಅಪ್ಪ ಗಲ್ಫ್‌ನಿಂದ ರಜೆಗೆ ಬಂದು ವಾಪಸು ಹೋದ ಮೇಲೆ ಮಂಗಳೂರಿನ ಶಾಲೆಗಳ ಮಕ್ಕಳಲ್ಲೂ ಇಂಥ ಬದಲಾವಣೆ ಕಾಣುತ್ತದೆ.

ನನ್ನ ಊಹೆ ತಪ್ಪಿರಬಹುದು, ನೀವೇ ವಿಚಾರಿಸಿ. ಸರಿ ಎಂದಾದರೆ ಸಣ್ಣ ಸಣ್ಣ ಕೆಲಸ ಮಾಡಬಹುದು. ಅಪ್ಪ ಬೋಟಿಗೆ ಹೋದ ದಿನದಿಂದ ಒಂದು ಪುಟ್ಟ ಪುಸ್ತಕದಲ್ಲಿ ದಿನಕ್ಕೊಂದು ಚಿತ್ರ ಬಿಡಿಸಲಿ, ಅಪ್ಪ ಬಂದಾಗ ತೋರಿಸಲಿ. ಬೆಳಿಗ್ಗೆ ಬಂದ ಕೂಡಲೇ ಅವನಿಗೊಂದು ಜವಾಬ್ದಾರಿ ಕೊಡಿ, ಹವಾಮಾನ ನಕ್ಷೆಯನ್ನು ಅವನೇ ನೋಡಿಕೊಳ್ಳಲಿ. ಗಾಳಿ ಮಳೆಯ ಬಗ್ಗೆ ಅವನಿಗೆ ಗೊತ್ತಿರುವುದು ಬೇರೆ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ದಿನಕ್ಕೆ ಎರಡು ನಿಮಿಷ ಅವನ ಪಕ್ಕ ಕೂತು, ಹೊಡೆತದ ವಿಷಯ ತೆಗೆಯದೆ, ಬೇರೆ ಏನಾದರೂ ಮಾತಾಡಿ. ಬೋಟಿನ ಬಣ್ಣ, ಬಲೆ, ಬಂಗುಡೆ, ಬೂತಾಯಿ. ದಿನವಿಡೀ ಬೈಗುಳದಲ್ಲೇ ಹೆಸರು ಕೇಳಿಸಿಕೊಳ್ಳುವ ಮಗುವಿಗೆ ಆ ಎರಡು ನಿಮಿಷ ಬಹಳ ದೊಡ್ಡದು.

ಅವನ ಅಮ್ಮನಿಗೆ ಏನು ಹೇಳಬೇಕು? ಎರಡು ಬಿಡಲು ನಿಮಗೆ ಸಾಧ್ಯವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಆದರೆ ಅಮ್ಮನ ಎದುರು ಕಾಯ್ದೆ ಓದಬೇಡಿ. ಗಂಡ ಕಡಲಲ್ಲಿ, ಮನೆಯ ಕೆಲಸವೆಲ್ಲ ಅವರ ತಲೆಯ ಮೇಲೆ, ಮಗನ ದೂರು ಬೇರೆ. ಅವರು ದೂರನ್ನು ಬಿಟ್ಟು ಇನ್ನೊಂದು ಸುದ್ದಿಯನ್ನು ನಿಮ್ಮಿಂದ ಕೇಳಿಯೇ ಇರಲಿಕ್ಕಿಲ್ಲ. ಮೊದಲು ಅದನ್ನು ಬದಲಿಸಿ. "ಅಕ್ಕ, ಇವತ್ತು ಅವ ಕಾದು ನಿಂತ, ಯಾರನ್ನೂ ನೂಕಲಿಲ್ಲ" ಎಂದು ಒಂದು ದಿನ ಗೇಟಿನ ಹತ್ತಿರ ಹೇಳಿ. ಆಮೇಲೆ ಆಮೆ ತೋರಿಸಿ, ಮನೆಯಲ್ಲಿ ಅವನೇ ನಿಮಗೆ ಕಲಿಸುತ್ತಾನೆ ಎಂದು ಹೇಳಿ. ಮಗ ಅಮ್ಮನಿಗೆ ಕಲಿಸುವುದು, ಅಮ್ಮ ಕಲಿಯುವುದು, ಇದರಲ್ಲಿ ಇಬ್ಬರಿಗೂ ಮಾನ ಇದೆ.

ಮಾತಾಡದ ಹುಡುಗಿಯ ವಿಷಯ ಬೇರೆ. ಒಂದನೇ ತರಗತಿ, ಹೊಸ ಊರು, ಕಿವಿಗೆ ಬೀಳುವುದೆಲ್ಲ ತುಳು, ಕನ್ನಡವೂ ಅವಳ ಮನೆಯ ಕನ್ನಡದಂತಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನಿದ್ದು ಕೇಳಿಸಿಕೊಳ್ಳುವುದು ಸಹಜ. ಅವಳ ಬಾಯಿ ಬಿಡಿಸುವುದೇ ಒಂದು ಗುರಿ ಆಗಬಾರದು. "ಹೇಳು, ಹೇಳು" ಎಂದು ಎಲ್ಲರೂ ಸುತ್ತ ನಿಂತರೆ ಬಾಯಿ ಇನ್ನೂ ಮುಚ್ಚುತ್ತದೆ. ಕ್ಲಿಪ್ಪು ಸಿಕ್ಕಿಸುವುದು, ಕೈ ತೋರಿಸುವುದು, ಚಿತ್ರ ಬಿಡಿಸುವುದು ಅವಳಿಗೆ ಉತ್ತರವೇ ಆಗಲಿ. ಮೆತ್ತಗಿನ ಸ್ವಭಾವದ ಒಬ್ಬಳು ಗೆಳತಿಯನ್ನು ಪಕ್ಕ ಕೂರಿಸಿ, ಚೆನ್ನೆಮಣೆಗೆ ಇಬ್ಬರನ್ನೇ ಬಿಡಿ. ಮಾತು ಮೊದಲು ಅಲ್ಲಿ ಪಿಸುಗುಟ್ಟುತ್ತದೆ. ಕೇಳಿಸಿದರೂ ಕೇಳದವರಂತೆ ಇರಿ, ಚಪ್ಪಾಳೆ ತಟ್ಟಬೇಡಿ.

ಮನೆಯಲ್ಲಿ ಅವಳು ಹೇಗಿದ್ದಾಳೆ ಎಂದು ಮಾತ್ರ ತಪ್ಪದೆ ವಿಚಾರಿಸಿ. ಮನೆಯಲ್ಲಿ ಪಟಪಟ ಮಾತಾಡುತ್ತಾಳೆ, ಶಾಲೆಯಲ್ಲಿ ಮಾತ್ರ ತಿಂಗಳುಗಟ್ಟಲೆ ಒಂದು ಶಬ್ದವೂ ಇಲ್ಲ ಎಂದಾದರೆ ಅದು ಹಟ ಅಲ್ಲ, ಆತಂಕ ಇರಬಹುದು. ತಜ್ಞರು ನೋಡಬೇಕು. ಮನೆಯಲ್ಲೂ ಮಾತಿಲ್ಲ ಎಂದಾದರೆ ಕಿವಿ, ಮಾತಿನ ಬೆಳವಣಿಗೆ ಪರೀಕ್ಷೆ ಆಗಬೇಕು, ತಡ ಮಾಡಬಾರದು. ಮಕ್ಕಳ ಆರೋಗ್ಯ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅವಳ ಹೆಸರನ್ನು ನೀವೇ ಹೇಳಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ನೀವೂ ಸಲಹೆ ಕೇಳಬಹುದು. ಮಗುವಿನ ಮೈಮೇಲೆ ಗಾಯದ ಗುರುತು, ಮನೆಗೆ ಹೋಗಲು ಹೆದರಿಕೆ ಕಂಡರೆ ಮಾತ್ರ ಕಾಯಬೇಡಿ, ಮಕ್ಕಳ ಸಹಾಯವಾಣಿ 1098.

ಹೆಡ್‌ಮಾಸ್ಟರಿಗೆ ಒಂದು ಲೆಕ್ಕ ಕೊಡಿ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಇಂಥ 213 ಶಾಲಾ ಕಾರ್ಯಕ್ರಮಗಳನ್ನು, 2.7 ಲಕ್ಷ ಮಕ್ಕಳನ್ನು ನೋಡಿತು. ಈ ಕೌಶಲ ಕಲಿತ ಮಕ್ಕಳ ಓದಿನ ಫಲಿತಾಂಶ 11 ಪರ್ಸೆಂಟೈಲ್ ಮೇಲೆ ಇತ್ತು. ಅಂದರೆ ನೂರರಲ್ಲಿ ಸರಿ ಮಧ್ಯದ 50ನೇ ಸ್ಥಾನದಲ್ಲಿದ್ದ ಮಗು 61ನೇ ಸ್ಥಾನಕ್ಕೆ ಏರಿದಂತೆ. ಹೆಚ್ಚಿನವು ಅಮೆರಿಕದ ಶಾಲೆಗಳು, ಹಾಗಾಗಿ ಅದೇ ಅಂಕಿ ಮಲ್ಪೆಯಲ್ಲಿ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಹೊರಗಿನಿಂದ ಯಾರೋ ಬರಬೇಕಾಗಿಲ್ಲ, ತರಗತಿಯ ಶಿಕ್ಷಕರೇ ನಡೆಸಿದರೆ ಚೆನ್ನಾಗಿ ಆಗುತ್ತದೆ ಎಂದೂ ಅದೇ ವಿಶ್ಲೇಷಣೆ ಹೇಳುತ್ತದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಸಾಮಾಜಿಕ-ಭಾವನಾತ್ಮಕ ಬೆಳವಣಿಗೆಗೆ ಓದು ಬರಹದ ಜೊತೆಗೇ ಜಾಗ ಇದೆ. ಇನ್ನೂ ಒಪ್ಪದಿದ್ದರೆ, ಒಂದು ವಾರ ಜಗಳ ಬಿಡಿಸಲು ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂದು ಬರೆದಿಟ್ಟು ಅವರಿಗೇ ತೋರಿಸಿ. ನೀವು ಕೇಳುತ್ತಿರುವುದು ಹತ್ತೇ ನಿಮಿಷ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ಎರಡು ವಾರ ರಟ್ಟು ಮತ್ತು ಆಮೆ ಮಾತ್ರ. ಮೂರನೇ ವಾರದಿಂದ ನಾಟಕ. ಆಟ ಯಾವಾಗ ಬೇಕಾದರೂ. ಹುಡುಗ ಹೊಡೆಯುವುದು ಮೊದಲ ದಿನಗಳಲ್ಲಿ ಕಡಿಮೆ ಆಗಲಿಕ್ಕಿಲ್ಲ, ಅದಕ್ಕೆ ಧೈರ್ಯಗೆಡಬೇಡಿ. ಹೊಡೆಯುವ ಮೊದಲು ಒಂದು ಚೂರು ತಡೆದನಾ, ಹೊಡೆದ ಮೇಲೆ ಬೇಗ ಸಮಾಧಾನ ಆದನಾ ಎಂದು ನೋಡಿ. ಬದಲಾವಣೆ ಮೊದಲು ಅಲ್ಲಿ ಕಾಣುತ್ತದೆ. ಹೊಡೆತ ಯಾವ ಹೊತ್ತಿಗೆ, ಯಾವ ತಟ್ಟೆಯಲ್ಲಿ, ಯಾರ ಪಕ್ಕ ಕೂತಾಗ ಆಗುತ್ತದೆ, ಅಪ್ಪ ಆಗ ಮನೆಯಲ್ಲಿದ್ದಾರಾ ಕಡಲಲ್ಲಿದ್ದಾರಾ ಎನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಸರಾ ರಜೆಗೆ ಮೊದಲು ಅದನ್ನು ನನಗೆ ಕಳಿಸಿ, ಮುಂದಿನದ್ದನ್ನು ಅದನ್ನು ನೋಡಿಕೊಂಡು ಹೇಳುತ್ತೇನೆ.